ಹತ್ತುವ ಮೊದಲು ಬಿಸಿಲು ಯಾವ ಕಡೆ ನೋಡಿ
ಬಿಸಿಲಿನ ದೇಶಗಳಲ್ಲಿ ಸಾರ್ವಜನಿಕ ಬಸ್ ಹತ್ತಬೇಡಿ, ಸುಮ್ನೆ ಸುಸ್ತು ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಎಷ್ಟು ಸುಸ್ತಾಗುತ್ತದೆ ಅನ್ನುವುದು ಕೂತ ಜಾಗದ ಮೇಲೂ ಇದೆ. ಬೆಳಿಗ್ಗೆ ಉತ್ತರಕ್ಕೆ ಹೊರಟರೆ ಬಿಸಿಲು ಬಲಗಡೆ ಕಿಟಕಿಗೆ ಹೊಡೆಯುತ್ತದೆ, ಎಡಗಡೆ ಕೂರಿ. ಸಂಜೆಯಾದರೆ ಬಲಗಡೆ ಕೂರಿ. ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ, ಯಾವ ಕಡೆಯಾದರೂ ಅಷ್ಟೇ. ಹಿಂದಿನ ಸೀಟು ಮಾತ್ರ ಬೇಡವೇ ಬೇಡ. ಅದು ಹಿಂಚಕ್ರದಿಂದ ಆಚೆ ಇರುತ್ತದೆ, ಪ್ರತಿ ಗುಂಡಿಗೂ ಎತ್ತಿ ಹಾಕುತ್ತದೆ. ಮುಂಚಕ್ರ, ಹಿಂಚಕ್ರಗಳ ನಡುವೆ ಕೂತರೆ ಸೊಂಟ ಉಳಿಯುತ್ತದೆ. ಬಸ್ ನಿಂತಾಗ ಸೆಕೆ ನಿಜ, ಓಡುವಾಗ ಗಾಳಿ ಬರುತ್ತದಲ್ವಾ? ಇಳಿಯುವ ಜಾಗ ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಿ. ಭಾಷೆ ಬಾರದ ಊರಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಬಾಗಿಲವರೆಗೂ ಬಂದು ಇಳಿಸಿದರು. ಟ್ಯಾಕ್ಸಿಯಲ್ಲಿ ಹೋಗಿದ್ದರೆ ಅವರು ಸಿಗುತ್ತಲೇ ಇರಲಿಲ್ಲ.