ಮೊದಲು ಸೈಟ್ ಬೇಡ, ಹಳೇ ಮನೆ ನೋಡಿ

ಕಳೆದ ವಾರ ಆಫೀಸಿನ ಹುಡುಗನೊಬ್ಬ ಕೇಳಿದ, "ಅಣ್ಣಾ, ಹನ್ನೆರಡು ಲಕ್ಷ ಕೂಡಿಟ್ಟಿದ್ದೀನಿ. ಮೈಸೂರು ಸುತ್ತಮುತ್ತ ಎಲ್ಲಾದ್ರೂ ಒಂದು ಸೈಟ್ ಹಾಕಿಬಿಡ್ಲಾ?" ಬೇಡ ಅಂದೆ. ಮುಖ ಸಪ್ಪಗೆ ಮಾಡಿಕೊಂಡು ಹೋದ. ಟೀ ಕುಡಿಯೋ ಹೊತ್ತಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತಲ್ಲ, ಆಮೇಲೆ ನಮ್ಮ ಮಂಡ್ಯ, ಮೈಸೂರಲ್ಲಿ ಸಿಕ್ಕಿದವರೆಲ್ಲ ಇನ್ವೆಸ್ಟರ್‌ಗಳೇ. ನಾನೂ ಆದೆ. ಒಂದು ಭಾನುವಾರ ಬನ್ನೂರು ರಸ್ತೆ ಕಡೆ ಲೇಔಟ್ ನೋಡೋಕೆ ಹೋದೆವು. ಅವರೇ ವ್ಯಾನ್ ಕಳಿಸಿದ್ದರು, ಇಡ್ಲಿ-ವಡೆ ಕೊಡಿಸಿದರು. ನಿನ್ನೆ ಮೊನ್ನೆವರೆಗೆ ಗದ್ದೆಯಾಗಿದ್ದ ಜಾಗ. ಜಲ್ಲಿ ಸುರಿದ ರಸ್ತೆ, ಸುಣ್ಣ ಬಳಿದ ಕಲ್ಲುಗಳು, ಪಕ್ಕದಲ್ಲೇ ಆಳೆತ್ತರದ ಕಬ್ಬು. "ರಿಂಗ್ ರೋಡಿಂದ ಹತ್ತೇ ನಿಮಿಷ ಸಾರ್" ಅಂದ ಏಜೆಂಟ್. ಭಾನುವಾರ ಬೆಳಗ್ಗೆ ಏಳಕ್ಕೆ ಹೊರಟರೆ ಹತ್ತೇ ನಿಮಿಷ, ಸುಳ್ಳಲ್ಲ. 30-40 ಅಡಿಯ ಸೈಟಿಗೆ ಮೂವತ್ತು ಲಕ್ಷ. ಎರಡೇ ಉಳಿದಿವೆ ಅಂದಾಗ ಹೆಂಡತಿ ಮುಖ ನೋಡಿದೆ. ಅವಳು ಕಬ್ಬು ನೋಡ್ತಾ ಇದ್ದಳು. ಐವತ್ತು ಸಾವಿರ ಟೋಕನ್ ಕೊಟ್ಟು ಬಂದೆ.

ನಮ್ಮ ಚಿಕ್ಕಪ್ಪ ಕಂದಾಯ ಇಲಾಖೆಯಲ್ಲಿದ್ದು ರಿಟೈರ್ ಆದವರು. ಜಾಗದ ಮೇಲೆ ಸಾಲ, ಮಾರಾಟ ಏನೇನು ರಿಜಿಸ್ಟರ್ ಆಗಿದೆ ಅಂತ ತೋರಿಸೋ ಇ.ಸಿ. (ಋಣಭಾರ ಪತ್ರ) ತೋರಿಸಿದೆ, ಪೂರ್ತಿ ಕ್ಲೀನ್ ಇತ್ತು. ಅವರು ಅದನ್ನು ಮಡಚಿ ಪಕ್ಕಕ್ಕಿಟ್ಟರು. "ಇದರಲ್ಲಿ ರಿಜಿಸ್ಟರ್ ಆಗಿರೋದು ಮಾತ್ರ ಬರುತ್ತೆ ಕಣೋ. ಅಪ್ಪ ಸತ್ತ ಮೇಲೆ ಯಾರ‍್ಯಾರಿಗೆ ಪಾಲು ಅಂತ ಇದು ಹೇಳುತ್ತಾ? ಹಳೇ ಪಹಣಿ, ಖಾತೆ ಬದಲಾದ ಎಂ.ಆರ್. ದಾಖಲೆ, ವಂಶವೃಕ್ಷ ತಗೊಂಡು ಬಾ." ತಂದುಕೊಟ್ಟೆ. ಜಮೀನಿನ ಯಜಮಾನ ತೀರಿಕೊಂಡ ಮೇಲೆ ವಾರಸುದಾರರಿಗೆ ಆಗೋ ಪೌತಿ ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಮಾತ್ರ ಆಗಿತ್ತು. ವಂಶವೃಕ್ಷದಲ್ಲಿ ಮೂವರು ಹೆಣ್ಣುಮಕ್ಕಳೂ ಇದ್ದರು. ಅವರ ಸಹಿ ಎಲ್ಲೂ ಇಲ್ಲ.

ಏಜೆಂಟ್‌ಗೆ ಫೋನ್ ಮಾಡಿದೆ. "ಅವರಿಗೆಲ್ಲ ಮದುವೇಲೇ ಒಡವೆ ಹಾಕಿ ಕಳಿಸಿದ್ದಾರೆ ಸಾರ್, ಕೇಳೋಕೆ ಬರಲ್ಲ" ಅಂದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಬಂತು. ಆ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರೂ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಕಿದ ಒಡವೆ ಹಕ್ಕುಬಿಡುಗಡೆ ಪತ್ರ ಆಗಲ್ಲ. ಸೈಟ್ ಬೇಡ ಅಂದೆ. ಟೋಕನ್ ಇವತ್ತಿಗೂ ವಾಪಸ್ ಬಂದಿಲ್ಲ. ಫೋನ್ ಮಾತ್ರ ಎತ್ತುತ್ತಾರೆ, "ಮುಂದಿನ ವಾರ ಸಾರ್" ಅಂತಾರೆ. ಅಷ್ಟರ ಮಟ್ಟಿಗೆ ಮರ್ಯಾದಸ್ಥರು. ಅಂದಹಾಗೆ, 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾದಲ್ಲಿ ನೋಂದಣಿ ಆಗದೆ ಬುಕಿಂಗ್ ತಗೊಳ್ಳೋ ಹಾಗೇ ಇಲ್ಲ. ಆ ನಂಬರ್ ಕೇಳಬೇಕು ಅಂತ ಇಡ್ಲಿ ತಿನ್ನುವಾಗ ನನಗೆ ಹೊಳೆಯಲೇ ಇಲ್ಲ.

ಕಾಗದ ಪತ್ರ ಸರಿಯಿದ್ದರೆ ತಗೋಬಹುದಲ್ವಾ ಅಂತೀರಿ. ಮನೆ ಕಟ್ಟಿಕೊಂಡು ಇರೋಕಾದರೆ ತಗೊಳ್ಳಿ. ದುಡ್ಡು ಬೆಳೆಸೋಕೆ ಅಂತಾದರೆ ಲೆಕ್ಕ ಹಾಕಿ. ಅದೇ ಮೂವತ್ತು ಲಕ್ಷದ ಸೈಟಿಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1 ಇದ್ದದ್ದು 2 ಪರ್ಸೆಂಟ್ ಆಗಿದೆ. ಒಟ್ಟು ಎರಡೂಕಾಲು ಲಕ್ಷದ ಮೇಲೆ. ಹದಿನೈದು-ಇಪ್ಪತ್ತು ವರ್ಷದ ಅವಧಿಗೆ ಇಪ್ಪತ್ತು ಲಕ್ಷ ಸಾಲ ಮಾಡಿದರೆ 9 ಪರ್ಸೆಂಟಿನಲ್ಲಿ ಮೊದಲ ಐದು ವರ್ಷಕ್ಕೆ ಬಡ್ಡಿಯೇ ಎಂಟು ಲಕ್ಷ ದಾಟುತ್ತೆ. ಆಮೇಲೆ ನಲವತ್ತು ಲಕ್ಷಕ್ಕೆ ಮಾರಿದೆವು ಅನ್ನಿ. ಲಾಭದ ಮೇಲೆ 12.5 ಪರ್ಸೆಂಟ್ ತೆರಿಗೆ, ಬ್ರೋಕರ್ ಕಮಿಷನ್ನು. ಹತ್ತು ಲಕ್ಷ ಲಾಭ ಅಂತ ಬೀಗರ ಮುಂದೆ ಹೇಳ್ಕೋಬಹುದು, ನಿಜವಾಗಿ ಕೈಯಿಂದಲೇ ಹೋಗಿರುತ್ತೆ. ಅಷ್ಟೂ ವರ್ಷ ಆ ಸೈಟು ಒಂದು ರೂಪಾಯಿ ಕೊಟ್ಟಿರಲ್ಲ, ಪಾರ್ಥೇನಿಯಂ ಬೆಳೆದಿರುತ್ತೆ.

ನಾನು ಮಾಡಿದ್ದು ಹೇಳ್ತೀನಿ. 2024ರಲ್ಲಿ ಮೈಸೂರಿನ ಜನತಾನಗರದಲ್ಲಿ 20-30 ಅಡಿ ಜಾಗದ ಹಳೇ ಮನೆ ತಗೊಂಡೆ, 42 ಲಕ್ಷ. ಕೆಳಗೊಂದು ಮನೆ, ಮೇಲೆ ಶೀಟ್ ಹಾಕಿದ ಇನ್ನೊಂದು. ನೋಡೋಕೆ ಚೆನ್ನಾಗಿಲ್ಲ, ಫೋಟೋ ಹಾಕಲ್ಲ. 28 ಲಕ್ಷ ಸಾಲ. ಬ್ಯಾಂಕಿನ ವಕೀಲರು ಕಾಗದ ನೋಡಿದ ಮೇಲೂ ಚಿಕ್ಕಪ್ಪ ಇನ್ನೊಂದು ಸಲ ನೋಡಿದರು. ಕೆಳಗಿನದಕ್ಕೆ 7,500, ಮೇಲಿನದಕ್ಕೆ 5,500 ಬಾಡಿಗೆ. ತಿಂಗಳ ಕಂತಿನ ಅರ್ಧ ಅಲ್ಲಿಂದಲೇ ಹುಟ್ಟುತ್ತೆ.

ಇದರಲ್ಲಿ ಸಾಹುಕಾರ ಆಗ್ತೀನಿ ಅಂತ ಹೇಳ್ತಿಲ್ಲ. ಹಾಕಿದ ದುಡ್ಡಿಗೆ ಲೆಕ್ಕ ಹಿಡಿದರೆ ಬಾಡಿಗೆ 4 ಪರ್ಸೆಂಟೂ ಬರಲ್ಲ, ಎಫ್‌ಡಿಯೇ ವಾಸಿ. ಯುಗಾದಿ ಹಬ್ಬದ ದಿನವೇ ಸಂಪಿನ ಮೋಟಾರ್ ಸುಟ್ಟಿತು. ಕೆಳಗಿನ ಮನೆಯ ಅಮ್ಮ ಫೋನ್ ಮಾಡಿ "ಎಣ್ಣೆ ಹಚ್ಕೊಂಡು ಕೂತಿದ್ದೀವಿ, ನೀರಿಲ್ಲ" ಅಂದರು. ಒಬ್ಬಟ್ಟು ಬಿಟ್ಟು ಓಡಿದೆ. ಆದರೂ ಬಾಡಿಗೆ, ರಿಪೇರಿ, ಕಂದಾಯ, ಜನ, ಎಲ್ಲ ಒಂದೇ ಸಣ್ಣ ಮನೆಯಲ್ಲಿ ಕಲಿತೆ. ತಪ್ಪಾದರೂ ಮೋಟಾರಿನಷ್ಟೇ ತಪ್ಪು. ಆ ಹುಡುಗನಿಗೂ ಅದನ್ನೇ ಹೇಳೋದು. ಇದಕ್ಕಿಂತ ಸಣ್ಣದು ಹುಡುಕಲಿ, ಸಿಗದಿದ್ದರೆ ಒಂದು ವರ್ಷ ಕಾಯಲಿ.

ಈಗ ಮೇಲಿನ ಮನೆಯವರು ಬಾಡಿಗೆ ಬಿಟ್ಟು ಭೋಗ್ಯಕ್ಕೆ ಮಾಡಿಕೊಡಿ ಅಂತಿದ್ದಾರೆ, ನಾಲ್ಕು ಲಕ್ಷ ಕೊಡ್ತಾರಂತೆ. ಆ ದುಡ್ಡು ಅಡ್ವಾನ್ಸ್ ಕೊಟ್ಟು ಇನ್ನೊಂದು ಸೈಟ್ ಹಿಡಿಯೋರು ನಮ್ಮೂರಲ್ಲಿ ಬೇಕಾದಷ್ಟು ಜನ. ಭೋಗ್ಯದ ದುಡ್ಡು ಸಾಲ, ಮೂರು ವರ್ಷಕ್ಕೆ ಒಂದೇ ಗಂಟಿಗೆ ವಾಪಸ್ ಕೊಡಬೇಕು. ನಾನು ಆಗಲ್ಲ ಅಂದಿದ್ದೇನೆ. ಹೆಂಡತಿಗೆ ಮಾತ್ರ ಇದು ಒಪ್ಪಿಗೆ ಇಲ್ಲ. ಅವಳ ತಮ್ಮ ಹಾಗೇ ಮಾಡಿ ಎರಡು ಸೈಟ್ ಮಾಡಿದ್ದಾನಂತೆ.