ಕ್ಲಿಕ್ ನಿಯಮವನ್ನು ಸುಮ್ನೆ ಬೈಯಬೇಡಿ
ಕ್ಲಿಕ್ ಮಾಡುವವರೆಗೆ ಸದ್ದು ಬರಬಾರದು ಎಂಬ ಬ್ರೌಸರ್ ನಿಯಮವೇ ವೆಬ್‌ನ ಪ್ರಯೋಗಾತ್ಮಕ ಸಂಗೀತವನ್ನು ಕೊಂದಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆಫೀಸಿನಲ್ಲಿ ಪುಟ ತೆರೆದ ಕೂಡಲೇ ಸ್ಪೀಕರ್ ಕಿರುಚಿದರೆ ಯಾರು ತಾನೇ ಕೂತು ಕೇಳುತ್ತಾರೆ? ಇಂಟರಾಕ್ಟಿವ್ ಸಂಗೀತಕ್ಕೆ ಕೇಳುಗರ ಕೈ ಹೇಗೂ ಬೇಕು. ಆ ಮೊದಲ ಕ್ಲಿಕ್ಕನ್ನೇ ಮೊದಲ ಸ್ವರ ಮಾಡಿಕೊಳ್ಳಬಹುದು, ಅಲ್ವಾ?

ಹಳೆಯ ಕೃತಿಗಳಿಗೆ ಪೆಟ್ಟು ಬಿದ್ದದ್ದು ಮಾತ್ರ ನಿಜ. 2018ರಲ್ಲಿ ಗೂಗಲ್‌ನ ಕ್ರೋಮ್ ಬ್ರೌಸರಿನ 66ನೇ ಆವೃತ್ತಿ ಈ ನಿಯಮದೊಂದಿಗೆ ಬಂದಾಗ ಎಷ್ಟೋ ಗೇಮ್‌ಗಳು, ಸದ್ದಿನ ಪ್ರಯೋಗಗಳು ಇದ್ದಕ್ಕಿದ್ದಂತೆ ಮೂಕವಾದವು. ಗಲಾಟೆ ಆದ ಮೇಲೆ ಗೂಗಲ್ ವೆಬ್ ಆಡಿಯೋ (ಪುಟದೊಳಗೇ ಕೋಡ್‌ನಿಂದ ಸದ್ದು ಹುಟ್ಟಿಸುವ ವ್ಯವಸ್ಥೆ) ಮಟ್ಟಿಗೆ ನಿಯಮ ತಡೆಹಿಡಿದು, ವರ್ಷದ ಕೊನೆಗೆ ಕ್ರೋಮ್ 71ರಲ್ಲಿ ಮತ್ತೆ ತಂದಿತು. ಕ್ಲಿಕ್ ಆದಾಗ ಆಡಿಯೋಕಾಂಟೆಕ್ಸ್ಟ್ ಅನ್ನು, ಅಂದರೆ ಸದ್ದು ನಡೆಸುವ ಎಂಜಿನ್ ಅನ್ನು, ಕೋಡ್‌ನಲ್ಲಿ ರೆಸ್ಯೂಮ್ (ಮತ್ತೆ ಚಾಲೂ) ಮಾಡಿದರೆ ಸಾಕು. ಆದರೆ ಬರೆದವರೇ ಕೋಡ್ ಕೈಬಿಟ್ಟಿದ್ದರೆ ಆ ಒಂದು ಸಾಲು ಸೇರಿಸುವವರು ಯಾರು?

ನನಗೆ ಇದಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಟೈಮಿಂಗ್. ಸೆಟ್‌ಟೈಮ್‌ಔಟ್ (ಇಷ್ಟು ಹೊತ್ತಾದ ಮೇಲೆ ಇದನ್ನು ಮಾಡು ಎನ್ನುವ ಕೋಡ್ ಆಜ್ಞೆ) ನಂಬಿ ಮತ್ತೆ ಮತ್ತೆ ನುಡಿಯುವ ಲೂಪ್ ಕಟ್ಟಿದರೆ, ತೆರೆಯ ಮೇಲಿನ ಗ್ರಾಫಿಕ್ಸ್ ಭಾರವಾದ ಕೂಡಲೇ ತಾಳ ತಪ್ಪುತ್ತದೆ. ಸ್ವರಗಳನ್ನು ವೆಬ್ ಆಡಿಯೋದ ಸ್ವಂತ ಗಡಿಯಾರಕ್ಕೆ ಸ್ವಲ್ಪ ಮುಂಚೆಯೇ ಒಪ್ಪಿಸಿಡಬೇಕು. ನಿಮ್ಮ ಲೇಖನದಲ್ಲಿ ಇದರ ಮಾತೇ ಇಲ್ಲ.