ಲೋಟ ಬೇರೆ ಇಟ್ಟವರೂ ಭಕ್ತರೇ
ದೇವರನ್ನು ನಂಬದಿದ್ದರೆ ಮನುಷ್ಯನ ಘನತೆಗೆ ಬುಡವೇ ಇಲ್ಲ ಅಂತ ಬರೆದಿದ್ದೀರಿ ಸರ್, ಒಪ್ಪೋದು ಕಷ್ಟ. ನಾನು ಸಣ್ಣವನಿದ್ದಾಗ ನಮ್ಮ ಕಡೆ ಒಂದು ಕಾಫಿ ತೋಟದ ಸಾಹುಕಾರರು ಪೂಜೆ ಮುಗಿಸದೆ ನೀರೂ ಕುಡಿಯುತ್ತಿರಲಿಲ್ಲ, ಆದರೆ ಲೈನ್ ಮನೆಗಳಲ್ಲಿದ್ದ ತೋಟದ ಕೂಲಿಯವರ ಟೀ ಲೋಟ ಮಾತ್ರ ಬೇರೆ, ಹಿಂಬದಿ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಕುಡಿದವರೇ ತೊಳೆದಿಡಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಎಲ್ಲರೂ ಪರಿಹಾರ ಕೇಂದ್ರದಲ್ಲಿ ಸಾಲಾಗಿ ಕೂತು ಉಂಡಾಗ ಯಾರ ಲೋಟ ಯಾವುದು ಅಂತ ಯಾರೂ ಕೇಳಲಿಲ್ಲ. (ಬಡಿಸಿದವರಲ್ಲಿ ದೇವಸ್ಥಾನದವರೂ ಮಸೀದಿಯವರೂ ಇದ್ದರು, ಸುಮ್ನೆ ಮುಚ್ಚಿಡಬಾರದು.) ಅಲ್ಲ, 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಘನತೆಯಿಂದಲೇ ಶುರುವಾಗುತ್ತದೆ, ದೇವರ ಹೆಸರೇ ಇಲ್ಲ. ಅದರ ಮೊದಲ ಕಲಮಿನಲ್ಲಿ ಗಂಡಸರು ಅನ್ನೋ ಅರ್ಥವೂ ಬರುವ ಪದ ತೆಗೆಸಿ ‘ಎಲ್ಲ ಮನುಷ್ಯರು’ ಅಂತ ಮಾಡಿಸಿದ್ದು ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ. ಅದಕ್ಕೇನಂತೀರಿ?